ಗಾಡಿ ಬಿಡುವವಳು

ದಿಲ್ಲಿ
೯ ನವೆಂಬರ್ ೨೦೨೫, ರವಿವಾರ

ಪ್ರೀತಿಯ ತಂಗಿ ದುರ್ಗಾಳಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಆರಾಮ ಇದ್ದೇನೆ. ಬ್ಯಾಡಗಿಯಲ್ಲಿ ನೀವೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಮುಟ್ಟಿದ ದಿನವೇ ಸುದ್ದಿ ತಿಳಿಸುತ್ತೇನೆಂದು ಹೇಳಿ ಬಂದವಳು ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ನಿನ್ನ ಫೋನನ್ನು ಬೇಕೆಂದೇ ಎತ್ತಲಿಲ್ಲ. ಎತ್ತಿದರೆ ನೀನು ಕೇಳುವುದು ಒಂದೇ: "ಸುಶ್ಮಿತಾ ನೌಕರಿ ಬಿಡ್ತಾಳಂತೋ ಇಲ್ಲಂತೋ?" ನನ್ನ ಮಗಳಿಂದ ಆ ಮಾತಿಗೆ ಹೂಂ ಅನ್ನಿಸಿಕೊಂಡು ಬಾ ಎಂದೇ ಅಲ್ಲವೇ ನೀನು ನನ್ನನ್ನು ಅಟ್ಟಿದ್ದು? ಆದರೆ ನನಗೆ ಹೇಳಬೇಕಾದದ್ದು ಹೂಂ, ಊಹೂಂಗಳಲ್ಲಿ ಮುಗಿಯುವಂಥದ್ದಲ್ಲ. ಮೆಣಸಿನಕಾಯಿ ವ್ಯಾಪಾರಕ್ಕೆಂದು ಇಲ್ಲಿಗೆ ಬಂದಿರುವ ನಿಮ್ಮೂರಿನ ಕನಕರಾಜ ನಾಳೆ ವಾಪಸ್ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಹತ್ತಿದ ವಿಮಾನದಲ್ಲಿ ಹೇಳುವಂಥ ವಿಶೇಷವೇನಿಲ್ಲ. ರಾಣೆಬೆನ್ನೂರು ಬಸ್ಸಿಗಿಂತ ಸೀಟು ಇಕ್ಕಟ್ಟು, ಅಷ್ಟೇ. ವಿಶೇಷವೆಲ್ಲ ಇಳಿದ ಮೇಲೆ. ಕರೆದುಕೊಳ್ಳಲು ಸುಶ್ಮಿತಾ ಬಂದಿರಲಿಲ್ಲ, ಅವಳ ಜೊತೆ ರೂಮಿನಲ್ಲಿರುವ ಬೆಳಗಾವಿಯ ಹುಡುಗಿ ಅಂಜಲಿ ಬಂದಿದ್ದಳು. "ಆಕಿಗೆ ಡ್ಯೂಟಿ ಐತ್ರಿ ಅವ್ವಾರ. ಆಕಿ ಗಾಡಿಗೇ ಸಿಟಿಗೆ ಹೋಗೂಣು ಬರ್ರಿ" ಎಂದು ನೆಲದ ಕೆಳಗಿನ ಸ್ಟೇಷನ್ನಿಗೆ ಇಳಿಸಿದಳು. ಅಲ್ಲಿಯ ನೆಲದ ಮೇಲೆ ರೊಟ್ಟಿ ಬಡಿಯಬಹುದಿತ್ತು, ಅಷ್ಟು ಸ್ವಚ್ಛ.

ನಾನು ಹಸಿರು ಬಾವುಟ ಹಿಡಿದವಳನ್ನು ಹುಡುಕುತ್ತಿದ್ದೆ. ನೀನಿದ್ದರೂ ಅದನ್ನೇ ಹುಡುಕುತ್ತಿದ್ದೆ ಬಿಡು. "ಮೆಟ್ರೋದಾಗ ಗಾಡಿ ಬಿಡ್ತೇನಿ" ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾವೆಲ್ಲ ಏನು ತಿಳಿದಿದ್ದೆವು? ನಮ್ಮ ಕಡೆ ಗಾಡಿ ನಡೆಸುವುದಕ್ಕೆ ಹೊಡೆಯುವುದು ಅನ್ನುತ್ತೇವೆ. ಬಿಡುವವರು ಅಂದರೆ ಬಾವುಟ ಬೀಸಿ ಗಾಡಿ ಕಳಿಸುವವರು. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಓದಿದ ಈ ಹುಡುಗಿ ಅಲ್ಲಿಯ ಮಾತು ಕಲಿತಿದ್ದಾಳೆ, ನಮಗೆ ತಿಳಿಯಲಿಲ್ಲ.

ಸುಶ್ಮಿತಾ ಹೆಗಲಿಗೆ ಬ್ಯಾಗು ಹಾಕಿಕೊಂಡು, ಡ್ಯೂಟಿ ಬಟ್ಟೆಯಲ್ಲಿ ಬಂದಳು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕು, ದಾಟಿಕೊಂಡು ಹೋಗಿ, ಗಾಡಿಯ ಮೂತಿಯಲ್ಲಿದ್ದ ಸಣ್ಣ ಬಾಗಿಲು ತೆರೆದು ಒಳಗೆ ಸೇರಿದಳು.

"ಅಲ್ಯಾಕ ಹೋದ್ಲು ಆಕಿ?" ಎಂದೆ.

"ಅಯ್ಯ, ಗಾಡಿ ಹೊಡಿಯಾಕಿ ಆಕೀನ ಅಲ್ರೀ!" ಎಂದಳು ಅಂಜಲಿ.

ದುರ್ಗಾ, ಮೊದಲನೇ ಡಬ್ಬಿಯಲ್ಲಿ, ಆ ಮುಚ್ಚಿದ ಬಾಗಿಲಿನ ಪಕ್ಕದಲ್ಲೇ, ಸುಶ್ಮಿತಾ ಮೊದಲೇ ಹೇಳಿಟ್ಟಿದ್ದಂತೆ, ಅಂಜಲಿ ನನ್ನನ್ನು ಕೂರಿಸಿದಳು. ಗಾಡಿ ಹೊರಟದ್ದೇ ತಿಳಿಯಲಿಲ್ಲ. ಹೊರಗಿನ ದೀಪಗಳು ಹಿಂದೆ ಸರಿದಾಗ ತಿಳಿಯಿತು. ಕತ್ತಲಲ್ಲಿ ಎಷ್ಟೋ ದೂರ ಓಡಿ, ಒಮ್ಮೆಲೇ ಬೆಳಕಿಗೆ ಬಂದು ಗಿಡಗಳ ತಲೆಯ ಮೇಲೆ ಏರಿಬಿಟ್ಟಿತು. ಕೆಳಗೆ ಕಾರು, ಬಸ್ಸು, ದಿಲ್ಲಿಯಂಥ ದಿಲ್ಲಿಯೇ ಕೆಳಗೆ! ಆಮೇಲೆ ಮತ್ತೆ ನೆಲದೊಳಕ್ಕೆ. ಕತ್ತಲಾದರೆ ಹಿತ್ತಲಿಗೆ ಹೋಗಲು ನನ್ನ ಸೆರಗು ಹಿಡಿಯುತ್ತಿದ್ದ ಹುಡುಗಿ ಇವಳು. ಈಗ ಇಷ್ಟು ಜನರಲ್ಲಿ ಆ ಕತ್ತಲನ್ನು ಎಲ್ಲರಿಗಿಂತ ಮೊದಲು ಎದುರಿಸುವವಳು ಇವಳೇ!

ಡಬ್ಬಿಯಲ್ಲಿ ಯಾರಿಗೂ ಅದರ ಖಬರೇ ಇಲ್ಲ. ಒಬ್ಬ ಗೊರಕೆ ಹೊಡೆಯುತ್ತಿದ್ದ, ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ತಡೆಯಲಾಗದೆ ಎದುರು ಕುಳಿತ ಮುದುಕಿಗೆ ಬಾಗಿಲು ತೋರಿಸಿ, "ಮೇರಿ ಬೇಟಿ, ಮೇರಿ ಬೇಟಿ" ಎಂದೆ. ಪಾಪ, ನನ್ನ ಮಗಳು ತಪ್ಪಿಸಿಕೊಂಡಿದ್ದಾಳೆಂದು ತಿಳಿದು ಎದ್ದು ಡಬ್ಬಿಯೆಲ್ಲ ಹುಡುಕಲು ಹೊರಟಳು! ಅಂಜಲಿ ಬಿಡಿಸಿ ಹೇಳಿದ ಮೇಲೆ ಆ ಮುದುಕಿ ಬಾಗಿಲಿನ ಕಡೆ ಕೈಮುಗಿದಳು. ನಾನು ಅತ್ತೆ.

ಕೊನೆಯ ಸ್ಟೇಷನ್ನಿನಲ್ಲಿ ಸುಶ್ಮಿತಾ ಇಳಿದು ಬಂದು, "ಹೆಂಗಿತ್ತವ್ವ?" ಎಂದು ಕೇಳಿದಳು. ಅಷ್ಟು ಜನರ ನಡುವೆಯೇ ಅವಳಿಗೆ ಲಟಿಕೆ ಮುರಿದು ದೃಷ್ಟಿ ತೆಗೆದೆ. ನೌಕರಿ ಬಿಡು ಎನ್ನಲು ಬಂದ ಬಾಯಿ ಆವತ್ತೂ ಏಳಲಿಲ್ಲ, ಈವರೆಗೂ ಎದ್ದಿಲ್ಲ. ಅವಳೂ ಆ ಸುದ್ದಿ ತೆಗೆಯಲಿಲ್ಲ.

ನಿನ್ನ ನಾದಿನಿಯ ಮಗ ಪ್ರೇಮಕುಮಾರ ಒಳ್ಳೆಯ ಹುಡುಗ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಚೆನ್ನಾಗಿ ನಡೆಸುತ್ತಾನೆ. ಆ ಮನೆಗೆ ಮಗಳನ್ನು ಕೊಡಲು ನನಗೂ ಆಸೆಯೇ. ಆದರೆ ನೌಕರಿ ಬಿಟ್ಟು ಬರಬೇಕೆಂಬ ಅವರ ಕರಾರಿಗೆ ಒಪ್ಪುವುದು ನನ್ನಿಂದ ಆಗುವುದಿಲ್ಲ. ನಾದಿನಿಯ ಮುಂದೆ ನಿನಗೆ ಮುಜುಗರವಾಗುತ್ತದೆ, ಗೊತ್ತು. ಅಕ್ಕನಿಗಾಗಿ ಅಷ್ಟು ಸಹಿಸಿಕೋ.

ನಿನ್ನ ಮಕ್ಕಳಿಗೆ ದೊಡ್ಡವ್ವನ ಮುತ್ತು. ನಿನ್ನ ಮನೆ ತುಂಬಿರಲಿ, ಮೈಯಲ್ಲಿ ಕಸುವಿರಲಿ.

ನಿನ್ನ ಅಕ್ಕ,
ಮಂಗಳವ್ವ

ತಾ.ಕ.: ಇಷ್ಟು ಬರೆದು ಸುಶ್ಮಿತಾಳಿಗೆ ಓದಿ ಹೇಳಿದೆ. "ನಾ ಚಿಗವ್ವಗ ಹೂಂ ಅಂದುಬಿಟ್ಟೇನವ್ವ" ಎಂದಳು. ನಾನು ವಿಮಾನದಲ್ಲಿದ್ದ ಹೊತ್ತಿನಲ್ಲೇ ನೀನು ಅವಳಿಗೆ ಫೋನು ಮಾಡಿದ್ದೆಯಂತೆ. "ಅಪ್ಪ ಇಲ್ಲದ ಹುಡುಗಿ ನೀ, ನಿಮ್ಮವ್ವನ ಜೀವಕ್ಕ ಸಮಾಧಾನ ಮಾಡು" ಎಂದೆಯಂತೆ. ಹೂಂ ಎಂದು ಹೇಳಿ, ಬಂದು, ಆ ಬಾಗಿಲು ತೆರೆದು ಗಾಡಿ ನಡೆಸಿದ್ದಾಳೆ. "ಹಂಗಾದ್ರ ನನ್ನ ಯಾಕ ಮುಂದಿನ ಡಬ್ಯಾಗ ಕುಂದ್ರಿಸಿದಿ?" ಎಂದೆ. "ಬಿಡೂಕಿಂತ ಮೊದ್ಲ ಮನ್ಯಾವ್ರು ಒಬ್ಬರರ ನೋಡ್ಲಿ ಅಂತ" ಎಂದಳು. ಬಿಡಬೇಡ ಎಂದು ಕೈ ಹಿಡಿದು ಹೇಳಿದರೂ, "ಮಾತು ಕೊಟ್ಟೇನವ್ವ" ಅನ್ನುತ್ತಾಳೆ. ಆ ಮಾತು ನಿನ್ನ ಹತ್ತಿರ ಇದೆ, ದುರ್ಗಾ. ಪತ್ರ ಮುಟ್ಟಿದ ಕೂಡಲೇ ಫೋನು ಮಾಡಿ ಅದನ್ನು ಅವಳಿಗೆ ಮರಳಿ ಕೊಟ್ಟುಬಿಡು.