ಪರಂಗಿ ಹಣ್ಣಿನ ತಪ್ಪಲ್ಲ, ವಸಂತಕ್ಕ

ಮುಕಿಲ್ಟಿಯೊ, ಅಮೆರಿಕ
೧೪ ಅಕ್ಟೋಬರ್ ೨೦೨೫

ವಸಂತಕ್ಕನಿಗೆ, ನಿಮ್ಮ ಓರಗಿತ್ತಿ ವಿಜಯಾ ಮಾಡುವ ನಮಸ್ಕಾರ.

ಹೆಸರು ನೋಡಿದ ಕೂಡಲೇ ಪತ್ರ ಹರಿದುಹಾಕಬೇಡಿ. ಮೂವತ್ತೆರಡು ವರ್ಷ ಮಾತು ಬಿಟ್ಟವಳು ಈಗ ‘ತಡವಾಯಿತು, ಕ್ಷಮಿಸಿ’ ಎಂದು ಬರೆದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ನಿಮ್ಮ ತಮ್ಮನ ಮಗ ಮಹೇಶ ಇಲ್ಲೇ ಟಕ್ವಿಲಾದಲ್ಲಿದ್ದಾನಲ್ಲ, ಅವನಿಂದ ನಿಮ್ಮ ನಂಬರ್ ತೆಗೆದುಕೊಂಡೆ. ಎರಡು ಸಲ ಫೋನ್ ಮಾಡಿ, ನಿಮ್ಮ ‘ಹಲೋ’ ಕೇಳಿ ಇಟ್ಟುಬಿಟ್ಟೆ. ಯಾವನೋ ಕಳ್ಳನೆಂದು ಹೆದರಿದ್ದರೆ ಅದನ್ನೂ ಸೇರಿಸಿ ಕ್ಷಮಿಸಿ. ಮಹೇಶ ಮುಂದಿನ ವಾರ ತುಮಕೂರಿಗೆ ಬರುತ್ತಾನಂತೆ. ಅವನ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ.

ನಾನು ವಿಶ್ವಾಸನ ಮನೆಗೆ ಬಂದು ಎರಡು ತಿಂಗಳಾಯಿತು. ಸೊಸೆ ಶ್ರೀವಿದ್ಯಾಗೆ ಈಗ ಏಳು ತಿಂಗಳು, ಚೊಚ್ಚಲು. ನೀವು ಎಣ್ಣೆ ಹಚ್ಚಿ ನೀರೆರೆದ ಆ ಹುಡುಗ ಈಗ ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರು, ಅರ್ಧ ತಲೆ ನರೆತಿದೆ. ಅಡುಗೆಮನೆಯ ಕಿಟಕಿಯಿಂದ ಜನರನ್ನು ದಾಟಿಸುವ ಫೆರಿ ಹಡಗು ಹೋಗಿಬರುವುದು ಕಾಣುತ್ತದೆ. ಅದು ಕೂಗಿದಾಗಲೆಲ್ಲ ಕುಕ್ಕರೇ ಕೂಗಿತೆಂದು ಒಲೆ ಕಡೆ ಓಡುತ್ತೇನೆ, ಸೊಸೆ ನಗುತ್ತಾಳೆ. ಒಳ್ಳೆಯ ಹುಡುಗಿ ಅಕ್ಕ, ನನ್ನ ಬಾಯಿಗೆ ಹೆದರುವುದಿಲ್ಲ.

ಹೋದ ಮಂಗಳವಾರ ಅವಳು ಬೆಲ್ವ್ಯೂನ ಆಫೀಸಿನಿಂದ ಬಂದು, ಸೋಫಾದಲ್ಲಿ ಕಾಲು ಚಾಚಿ ಡಬ್ಬಿಯಿಂದ ಏನೋ ತಿನ್ನುತ್ತಿದ್ದಳು. ನೋಡಿದರೆ ಪರಂಗಿ ಹಣ್ಣು! ನನಗೇನಾಯಿತೋ ಗೊತ್ತಿಲ್ಲ. ಡಬ್ಬಿ ಕಿತ್ತು ಕಸದ ಬುಟ್ಟಿಗೆ ಎಸೆದೆ. “ಉಗುಳು, ಉಗುಳೇ ಮೊದ್ಲು!” ಎಂದು ಅವಳ ಗಲ್ಲ ಹಿಡಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಅಳತೊಡಗಿದೆ.

“ಅತ್ತೆ, ನಂಗೇನೂ ಆಗಿಲ್ಲ. ಸ್ವಲ್ಪ ನೀರು ಕುಡೀರಿ. ಯಾಕಿಷ್ಟು ಹೆದರ್ಕೊಂಡಿದೀರಾ?” ಎಂದು ಆ ಬಸುರಿಯೇ ನನ್ನ ಬೆನ್ನು ಸವರಿದಳು.

ಹೇಳಿದೆ. ಮೈಸೂರಿನ ಮನೆಯ ಹಿತ್ತಲಲ್ಲಿದ್ದ ಪರಂಗಿ ಗಿಡ, ವಿಶ್ವಾಸ ಹುಟ್ಟಿದ ಮೂರು ವರ್ಷಕ್ಕೆ ನಾನು ಮತ್ತೆ ಬಸುರಿಯಾದದ್ದು, ಏಳನೇ ತಿಂಗಳಲ್ಲಿ ನೀವು ಹೆಚ್ಚಿ ಕೊಟ್ಟ ಹಣ್ಣು, ಹುಟ್ಟಿದ ದಿನವೇ ಹಳದಿ ತಿರುಗಿ ಮೂರನೇ ದಿನಕ್ಕೆ ಹೋದ ಹೆಣ್ಣುಕೂಸು. ಆಸ್ಪತ್ರೆಯಿಂದ ಬಂದ ದಿನ ನಡುಮನೆಯಲ್ಲಿ ಎಲ್ಲರೆದುರು ನಿಮ್ಮನ್ನು ಅಂದ ಮಾತನ್ನು ಮಾತ್ರ ಸೊಸೆಗೆ ಹೇಳಲು ಬಾಯಿ ಬರಲಿಲ್ಲ. ನಿಮ್ಮೆದುರು ಮುಚ್ಚಿಡುವುದೇನು? “ತಂಗೆ ಮಕ್ಳಾಗ್ಲಿಲ್ಲ ಅಂತ ನನ್ ಮಗೂನ ತಿಂದ್ಕೊಂಡ್ಲು” ಅಂದೆ. ನೀವು ತುಟಿ ಬಿಚ್ಚದೆ ಒಳಗೆ ಹೋದಿರಿ. ತಿಂಗಳೊಳಗೆ ಭಾವನವರು ತುಮಕೂರಿಗೆ ವರ್ಗ ಮಾಡಿಸಿಕೊಂಡು ನಿಮ್ಮನ್ನು ಕರೆದುಕೊಂಡು ಹೋದರು. ಆಮೇಲೆ ಮದುವೆ ಮುಂಜಿಗಳಲ್ಲಿ ನೀವು ಕೂತ ಪಂಕ್ತಿಯಲ್ಲಿ ನಾನು ಊಟಕ್ಕೆ ಕೂರಲಿಲ್ಲ. ಭಾವನವರು ಹೋದಾಗಲೂ ಬರಲಿಲ್ಲ.

ಗುರುವಾರ ಶ್ರೀವಿದ್ಯಾಗೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇತ್ತು, ನನ್ನನ್ನೂ ಕರೆದುಕೊಂಡು ಹೋದಳು. ಅವಳ ರಕ್ತ ಎ ನೆಗೆಟಿವ್, ವಿಶ್ವಾಸನದು ಪಾಸಿಟಿವ್. “ಅದಕ್ಕೇ ಅತ್ತೆ, ಏಳನೇ ತಿಂಗಳಲ್ಲಿ ಒಂದು ಇಂಜೆಕ್ಷನ್. ಮಗು ಪಾಸಿಟಿವ್ ಆದ್ರೆ ಹೆರಿಗೆ ಆದ ಮೂರು ದಿನದೊಳಗೆ ಇನ್ನೊಂದು” ಎಂದಳು.

“ನಂದೂ ನೆಗೆಟಿವ್ವೇ ಕಣೆ, ಬಿ ನೆಗೆಟಿವ್. ಮೊನ್ನೆ ಮೊನ್ನೆ ಪಿತ್ತಕೋಶದ ಆಪರೇಷನ್ನಲ್ಲಿ ಗೊತ್ತಾಯ್ತು. ನಮ್ಗೆಲ್ಲ ಯಾರು ಸೂಜಿ ಚುಚ್ಚಿದ್ರು?” ಎಂದು ನಾನು ಜಂಬದಿಂದಲೇ ಅಂದೆ. ಸೊಸೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ನರ್ಸಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ನರ್ಸು ನನ್ನ ವಯಸ್ಸಿನವಳೇ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಮೊದಲ ಮಗು ಚೆನ್ನಾಗಿತ್ತೇ, ಯಜಮಾನರ ಗುಂಪು ಯಾವುದು, ಎರಡನೆಯದು ಎಷ್ಟು ಹೊತ್ತಿಗೆ ಹಳದಿಯಾಯಿತು ಎಂದೆಲ್ಲ ಕೇಳಿದಳು.

ನನಗೆ ತಿಳಿದದ್ದು ಇಷ್ಟು. ತಾಯಿ ನೆಗೆಟಿವ್ ಇದ್ದು ಕೂಸು ಪಾಸಿಟಿವ್ ಆದರೆ, ಮೊದಲ ಹೆರಿಗೆಯಲ್ಲಿ ಕೂಸಿನ ರಕ್ತ ಒಂದಿಷ್ಟು ತಾಯಿಯ ಮೈ ಸೇರುತ್ತದಂತೆ. ತಾಯಿಯ ರಕ್ತ ಅದನ್ನು ಹೊರಗಿನದೆಂದು ಗುರುತಿಟ್ಟುಕೊಳ್ಳುತ್ತದೆ. ಮೊದಲನೆಯದು ಅಷ್ಟರಲ್ಲಿ ಹುಟ್ಟಿರುತ್ತದೆ, ಬಚಾವು. ಎರಡನೆಯದು ಹೊಟ್ಟೆಯಲ್ಲಿರುವಾಗ ಆ ಹಳೆಯ ಗುರುತು ಹಿಡಿದು ಕೂಸಿನ ರಕ್ತವನ್ನು ಕೆಡಿಸುತ್ತದೆ. ಹಾಗೆ ಗುರುತಿಟ್ಟುಕೊಳ್ಳದಿರಲೆಂದೇ ಈ ಇಂಜೆಕ್ಷನ್.

“ಅಷ್ಟು ಹಳೇದನ್ನ ಈಗ ಖಂಡಿತ ಅಂತ ಹೇಳೋಕಾಗಲ್ವಂತೆ ಅತ್ತೆ. ಆದ್ರೆ ನೀವು ಹೇಳಿದ್ದು ಕೇಳಿದ್ರೆ ಇದೇ ಅನ್ಸುತ್ತಂತೆ. ಹಣ್ಣಿಗೂ ಇದಕ್ಕೂ ಸಂಬಂಧ ಇಲ್ವಂತೆ. ಯಾರ ತಪ್ಪೂ ಅಲ್ವಂತೆ” ಎಂದಳು ಶ್ರೀವಿದ್ಯಾ, ನನ್ನ ಕೈ ಹಿಡಿದುಕೊಂಡು.

ಯಾರ ತಪ್ಪೂ ಅಲ್ಲವಂತೆ! ಕೂಸು ಹೋದದ್ದು ಯಾರ ತಪ್ಪೂ ಅಲ್ಲ, ಸರಿ. ನಿಮಗೆ ಮಾಡಿದ್ದು?

ಅಕ್ಕ, ಆ ಹಣ್ಣು ನಾನೇ ಬೇಡಿದ್ದಲ್ಲವೇ? “ಬಾಯಿ ಕೆಟ್ಟೋಗಿದೆ, ಒಂದೇ ಒಂದ್ ಹೋಳು ಕೊಡಿ, ಅತ್ತೆಗೆ ಹೇಳ್ಬೇಡಿ” ಎಂದು ನಿಮ್ಮ ಸೆರಗು ಹಿಡಿದು ಅಡುಗೆಮನೆ ತುಂಬ ಸುತ್ತಿದ್ದೆ. “ಬೇಡ್ವೇ, ಉಷ್ಣ” ಅಂದಿರಿ. ನನ್ನ ಹಟಕ್ಕೆ ಸೋತು ಕೊಟ್ಟಿರಿ. ನಡುಮನೆಯಲ್ಲಿ ಅವತ್ತು “ಅವಳೇ ಕೇಳಿದ್ಲು” ಅಂದಿದ್ದರೆ ಸಾಕಿತ್ತು, ಎಲ್ಲರೂ ನನ್ನ ಮೇಲೆ ತಿರುಗಿಬೀಳುತ್ತಿದ್ದರು. ಕೂಸು ಕಳೆದುಕೊಂಡವಳೆಂದು ನೀವು ನುಂಗಿಕೊಂಡಿರಿ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಯಾರ ಮೇಲಾದರೂ ಹೊರಿಸದಿದ್ದರೆ ನಾನು ಅವತ್ತೇ ಸತ್ತುಹೋಗುತ್ತಿದ್ದೆ ಅನ್ನಿಸುತ್ತದೆ. ಇದೆಲ್ಲ ನೆಪ ಅನ್ನಿಸಿದರೆ ಬೈಯಿರಿ. ನಿಮ್ಮಿಂದ ಬೈಸಿಕೊಂಡು ಬಹಳ ಕಾಲವಾಯಿತು.

ಫೆಬ್ರುವರಿಯಲ್ಲಿ ವಾಪಸು ಬರುತ್ತೇನೆ. ಬೆಂಗಳೂರಿನಲ್ಲಿ ಇಳಿದವಳು ಮೈಸೂರಿಗೆ ಹೋಗುವುದಿಲ್ಲ, ಸೀದಾ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು. ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನನ್ನ ಹಟ ನೀವು ಕಾಣದ್ದೇ?

ಶ್ರೀವಿದ್ಯಾಗೂ ಹುಟ್ಟುವ ಕೂಸಿಗೂ ಆಶೀರ್ವಾದ ಮಾಡಿ. ಕೇಳುವ ಮುಖ ನನಗಿಲ್ಲ, ನೀವು ಎತ್ತಿ ಆಡಿಸಿದ ವಿಶ್ವಾಸನ ಮುಖ ನೋಡಿ ಮಾಡಿ.

ನಿಮ್ಮ ಕೈಯ ಕಾಫಿಯನ್ನು ಇನ್ನೂ ಮರೆಯದ,
ವಿಜಯಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಓಡಲಿಲ್ಲ. ಹೆರಿಗೆಯಾದ ಮೇಲೆ ನಾನು ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದೆ. ಆ ಮೂರು ದಿನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವರು ನೀವು. ನನಗೆ ಎಚ್ಚರವಾಗುವ ಹೊತ್ತಿಗೆ ಒಯ್ದಾಗಿತ್ತು. ನೀವು ಮಂಚದ ಪಕ್ಕ ಬಂದು “ವಿಜಯಾ, ಮಗು…” ಎಂದು ಏನೋ ಹೇಳಹೊರಟಿರಿ, ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅತ್ತೆ, ಮಾವ, ಭಾವನವರು, ನಮ್ಮ ಯಜಮಾನರು, ಒಬ್ಬರೂ ಈಗಿಲ್ಲ. ನನ್ನ ಮಗಳನ್ನು ಕಂಡವರು ಇನ್ನು ನೀವೊಬ್ಬರೇ. ಅಕ್ಕ, ಅವಳು ಕಣ್ಣು ಬಿಟ್ಟಿದ್ದಳೇ? ಯಾರ ಹಾಗಿದ್ದಳು?