ಲಾ ಕನ್ಸ್ತಾಂತ್ ಹಡಗಿನ ತಳದ ನೀರು

೧೧ ಜನವರಿ ೨೦೨೫, ಶನಿವಾರ. ಸಿಡ್ನಿ

ಮತ್ತೆ ಪಂಪು. ಅಂಗೈಯ ಬೊಬ್ಬೆ ಒಡೆದಿದೆ. ಪೆನ್ನು ಹಿಡಿದರೆ ಉರಿ.

ಹಡಗು ನಕಲಿ. ಹದಿನೆಂಟನೇ ಶತಮಾನದ ಫ್ರೆಂಚ್ ಯುದ್ಧನೌಕೆ ‘ಲಾ ಕನ್ಸ್ತಾಂತ್’ನ ನಕಲು. ಡಾರ್ಲಿಂಗ್ ಹಾರ್ಬರಿನಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಟಿಕೆಟ್ ಕೊಂಡವರಿಗೆ ನಲವತ್ತು ನಿಮಿಷದಲ್ಲಿ ಅದರ ಸೇವಾ ಚರಿತ್ರೆಯ ನಾಟಕ. ಫ್ರಾನ್ಸಿನಲ್ಲಿ ನೀರಿಗಿಳಿಯಿತು, ಹಿಂದೂ ಮಹಾಸಾಗರಕ್ಕೆ ಬಂತು, ಇಂಗ್ಲಿಷರ ಸರಕು ಹಡಗುಗಳನ್ನು ಹಿಡಿಯಿತು. ಕೊನೆಗೆ ಇಂಗ್ಲಿಷರಿಗೇ ಸಿಕ್ಕಿ, ಬಾವುಟ ಬದಲಾಯಿಸಿಕೊಂಡು, ಫ್ರೆಂಚರ ಮೇಲೆಯೇ ಗುಂಡು ಹಾರಿಸಿತು. ಕ್ಯಾಪ್ಟನ್ ಪಾತ್ರದ ಬಿಳಿಯ ನಟ ಕತ್ತಿ ಒಪ್ಪಿಸುವಾಗ ದಿನಾ ಅಳುತ್ತಾನೆ.

ಸೇವೆ ಮಾಡಿದ್ದು ಹಡಗಂತೆ! ಡೆಕ್ಕಿನ ಜಾಲರಿಯ ಕೆಳಗೆ ನಾನು ಮತ್ತು ಕಾನ್ರಾಡಣ್ಣ. ಹಿಡಿದು ತಂದ ಕೂಲಿಗಳ ಪಾತ್ರ. ಬಾವುಟ ಯಾರದ್ದಾದರೂ ನಾವು ಕೈಪಂಪು ಒತ್ತಿ ನೀರು ಹೊರಹಾಕಬೇಕು. ಪಾತ್ರ ಸುಳ್ಳು, ನೀರು ನಿಜ. ತಳದ ಹಲಗೆ ಸೋರುತ್ತದೆ. ರಾತ್ರಿ ಡೀಸೆಲ್ ಮೋಟಾರ್, ಹಗಲು ನಾವು.

ಮೇಲಿಂದ ಒಬ್ಬಳು ಬಗ್ಗಿ ನೋಡಿ, ‘ಸೋ ರಿಯಲ್!’ ಅಂದಳು.

‘ಥ್ಯಾಂಕ್ಯೂ ಹೇಳು ಮಾರಾಯ್ತಿ,’ ಅಂದ ಕಾನ್ರಾಡಣ್ಣ. ‘ನಮಗೆ ಆಸ್ಕರ್ ಬರ್ಲಿಕ್ಕುಂಟು.’

೧೨ ಜನವರಿ

ಹರ್ಷವರ್ಧನನನ್ನು ಕೇಳಿಯೇಬಿಟ್ಟೆ. ಶೋ ಮ್ಯಾನೇಜರ್, ಮೈಸೂರಿನವ. ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಿಂದ ನಮ್ಮನ್ನು ಹುಡುಕಿದವನೂ ಅವನೇ.

‘ಹಗಲೂ ಮೋಟಾರ್ ಹಾಕಪ್ಪ.’

‘ಸೌಂಡ್ ಬರುತ್ತೆ ನೇತ್ರಾ ಮೇಡಂ. ಫೀಲೇ ಹೋಗ್ಬಿಡುತ್ತೆ.’

‘ಹಲಗೆ ರಿಪೇರಿ?’

‘ಸೀಸನ್ ಮುಗೀಲಿ. ನೀವು ಆರ್ಟಿಸ್ಟು ಮೇಡಂ, ಲೇಬರ್ ಥರ ಯಾಕೆ ಮಾತಾಡ್ತೀರಾ?’

ಕೋಲಾರದ ಬೀದಿಗಳಲ್ಲಿ ತಮಟೆ ಹೊಡೆದು ನಾಟಕ ಆಡಿದವಳಿಗೆ ಈ ಮಾತು. ಲೇಬರ್ ಅನ್ನುವುದು ಬೈಗುಳ ಇವನಿಗೆ. ಕೆನ್ನೆಗೆ ಬಾರಿಸುವಂತೆ ಉತ್ತರ ಕೊಡಬೇಕಿತ್ತು. ಸುಸ್ತು...

೧೯ ಜನವರಿ

ಕಾನ್ರಾಡಣ್ಣ ಮಧ್ಯಾಹ್ನ ಕುಸಿದು ಕೂತ. ಮೈಯೆಲ್ಲ ತಣ್ಣನೆ ಬೆವರು. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟ — ಹೋದ ವರ್ಷ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದಾನೆ.

‘ಡಾಕ್ಟ್ರು ಭಾರ ಎತ್ಬಾರ್ದು ಅಂದದ್ದು. ಇದು ಒತ್ತುದಲ್ವಾ?’

‘ನಗಬೇಡಿ. ಸಾಯ್ತೀರಾ.’

‘ಬರ್ಥಾಗೆ ಹೇಳ್ಬೇಡ. ಕೆಲಸ ಬಿಡಿಸ್ತಾಳೆ. ಮೂವತ್ತು ವರ್ಷ ಸರಕು ಹಡಗಲ್ಲಿ ಅಡುಗೆ ಮಾಡಿದವ ನಾನು, ಮನೆಯಲ್ಲಿ ಕೂತು ಎಂತ ಮಾಡ್ಲಿ?’

ಬರ್ಥಾ ಅವನ ಹೆಂಡತಿ. ಹೇಳಲಿಲ್ಲ. ಆದರೆ ಮುಂದಿನ ಭಾನುವಾರ ಪಂಪು ನಿಲ್ಲುತ್ತದೆ. ಮೋಟಾರ್ ಹಾಕುವತನಕ ಒತ್ತುವುದಿಲ್ಲ.

೨೬ ಜನವರಿ

ಆಸ್ಟ್ರೇಲಿಯಾ ಡೇ. ಮೂಲನಿವಾಸಿಗಳ ನೆಲ ಕಿತ್ತುಕೊಂಡ ದಿನಕ್ಕೆ ಊರೆಲ್ಲ ಹಬ್ಬ. ಹಡಗು ತುಂಬ ಜನ.

ನಿಲ್ಲಿಸಿದೆವು. ಡೆಕ್ ಹತ್ತಿ ನಡುಮಧ್ಯೆ ಕೂತೆವು. ‘ನೀರು ನಿಜ! ಬೆವರು ನಿಜ! ಮೋಟಾರ್ ಹಾಕಿ!’ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಗಂಟಲು ಹರಿಯುವಂತೆ ಕೂಗಿದೆ. ಕ್ಯಾಪ್ಟನ್ ಕತ್ತಿ ಹಿಡಿದು ಪೆಚ್ಚಾಗಿ ನಿಂತ.

ಆಮೇಲೆ ಚಪ್ಪಾಳೆ. ಸಿಳ್ಳೆ. ಎಲ್ಲರ ಕೈಯಲ್ಲೂ ಫೋನು. ಮುಂದಿನ ದಂಗೆ ಎಷ್ಟು ಗಂಟೆಗೆ ಎಂದು ಒಬ್ಬ ಕೇಳಿದ. ಮೋಟಾರ್ ಹಾಕಲಿಲ್ಲ, ಕೊನೆಗೆ ನಾವೇ ಇಳಿದು ಒತ್ತಿದೆವು.

ಲಾಠಿ ತಿಂದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

೨೨ ಫೆಬ್ರವರಿ. ಮೆಲ್ಬರ್ನ್

ಶೋ ಈಗ ಇಲ್ಲಿ. ಬರಬಾರದು ಅಂದುಕೊಂಡಿದ್ದೆ. ಕಾನ್ರಾಡಣ್ಣ ಹೊರಟ. ಅವನೊಬ್ಬನೇ ಒತ್ತುವುದನ್ನು ನೆನೆದು ನಾನೂ ಬಸ್ಸು ಹತ್ತಿದೆ. ಹಡಗನ್ನು ಟಗ್ ದೋಣಿ ಎಳೆದು ತಂದಿತು. ಊರಂಚಿನ ಡ್ಯಾಂಡಿನಾಂಗ್‌ನಲ್ಲಿ ಕಾನ್ರಾಡಣ್ಣನ ತಂಗಿಯ ಮನೆಯಲ್ಲಿ ಇದ್ದೇವೆ.

ಹಡಗಿನ ಮುಂದೆ ಹೊಸ ಬೋರ್ಡು: ‘೨.೩೦ಕ್ಕೆ ಕೂಲಿಗಳ ದಂಗೆ’. ನನ್ನದೇ ಫೋಟೋ, ಬಾಯಿ ತೆರೆದದ್ದು.

‘ವೀಡಿಯೋ ವೈರಲ್ ಆಯ್ತು ಮೇಡಂ!’ ಹರ್ಷ ಕುಣಿಯುತ್ತಿದ್ದ. ‘ಅದೇ ಕೋಪ ಬೇಕು ನಂಗೆ. ಡೈಲಿ.’

ಥೂ. ದಂಗೆ ಮುಗಿಯುವ ತನಕ ಪಂಪು ನಿಂತಿರುತ್ತದೆ. ನೀರು ನಿಲ್ಲುವುದಿಲ್ಲ. ಆಮೇಲೆ ಎರಡರಷ್ಟು ಒತ್ತಬೇಕು. ನಾನು ಮೇಲೆ ಕೂಗಿದ್ದಕ್ಕೆ ಕೆಳಗೆ ಕಾನ್ರಾಡಣ್ಣನ ಎದೆ ದಂಡ ಕಟ್ಟುತ್ತದೆ.

‘ಭಾಷಣ ಸ್ವಲ್ಪ ಶಾರ್ಟ್ ಮಾಡು ಮಾರಾಯ್ತಿ. ನೀರು ಮೊಣಕಾಲಿಗೆ ಬಂತು.’

೯ ಮಾರ್ಚ್

ದಂಗೆಯ ನಂತರ ಒತ್ತುವಾಗ ಕಾನ್ರಾಡಣ್ಣ ಎಡಗೈ ಹಿಡಿದುಕೊಂಡು ನೀರಲ್ಲೇ ಕೂತ. ಜಾಲರಿಯತ್ತ ಮುಖ ಎತ್ತಿ ‘ಹೆಲ್ಪ್!’ ಅಂದೆ. ಚಪ್ಪಾಳೆ ತಟ್ಟಿದರು ನನ್ಮಕ್ಕಳು. ಕಾನ್ರಾಡಣ್ಣ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡ. ಆಂಬ್ಯುಲೆನ್ಸ್ ಬೇಡ ಅಂದ. ನಾಳೆ ರಜೆ ಹಾಕಿ ಅಂದೆ.

೧೦ ಮಾರ್ಚ್, ಸಂಜೆ. ಡ್ಯಾಂಡಿನಾಂಗ್ ಟ್ರೇನಿನಲ್ಲಿ

ಇಲ್ಲಿಯ ಲೇಬರ್ ಡೇ. ಎಂಟು ಗಂಟೆಯ ದುಡಿಮೆಗೆ ಹೋರಾಡಿದವರ ಹೆಸರಲ್ಲಿ ಊರಿಗೆ ರಜೆ. ನಮಗೆ ಎಕ್ಸ್‌ಟ್ರಾ ಶೋ. ಕಾನ್ರಾಡಣ್ಣನೂ ಬಂದ, ಎಷ್ಟು ಹೇಳಿದರೂ.

ಎರಡೂವರೆಗೆ ಜನ ದಂಗೆಗೆ ಕಾದಿದ್ದರು. ಮೇಲೆ ಹೋಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಮೋಟಾರ್ ಹಾಕಿದೆ. ಡೀಸೆಲ್ ಹೊಗೆ, ಕಿವಿ ಒಡೆಯುವ ಗದ್ದಲ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮೂಗು ಮುಚ್ಚಿಕೊಂಡು ಎದ್ದರು, ದುಡ್ಡು ವಾಪಸ್ ಕೇಳಿದರು.

ಹರ್ಷ ಓಡಿ ಬಂದ. ‘ಆಫ್ ಮಾಡಿ ಮೇಡಂ! ಹುಚ್ಚು ಹಿಡೀತಾ ನಿಮ್ಗೆ?’

ಕಾನ್ರಾಡಣ್ಣ ಸ್ವಿಚ್ಚಿಗೆ ಅಡ್ಡ ನಿಂತ. ಸಿಡ್ನಿಯಿಂದ ಇಲ್ಲಿತನಕ ಒಂದು ಘೋಷಣೆ ಕೂಗದವನು. ‘ನನ್ನ ಎದೆಯಲ್ಲಿ ಸ್ಟೆಂಟ್ ಉಂಟು ಹರ್ಷ. ಆಫ್ ಮಾಡುದಾದ್ರೆ ಮಾಡು. ಆದ್ರೆ ಪಂಪು ನೀನೇ ಒತ್ತು. ಹಿಡಿ ಅಲ್ಲುಂಟು.’

ಹರ್ಷ ಪಂಪಿನ ಹಿಡಿ ನೋಡಿದ. ತನ್ನ ಇಸ್ತ್ರಿ ಶರ್ಟು ನೋಡಿದ. ‘ನಾಳೆಯಿಂದ ಇಬ್ಬರೂ ಬರಬೇಡಿ.’

ಬಂದೆವು. ಕಾನ್ರಾಡಣ್ಣ ಎದುರು ಸೀಟಿನಲ್ಲಿ ಬರ್ಥಾಗೆ ಫೋನ್ ಮಾಡಿ ಎಲ್ಲ ಹೇಳುತ್ತಿದ್ದಾನೆ, ಬೈಸಿಕೊಳ್ಳುತ್ತಿದ್ದಾನೆ. ನನಗೆ ಗೆದ್ದ ಖುಷಿಯೂ ಇಲ್ಲ, ಸೋತ ಸಂಕಟವೂ ಇಲ್ಲ. ಮಲಗಬೇಕು, ಅಷ್ಟೇ.

ಕನ್ನಡ ಸಂಘದ ಗ್ರೂಪಿನಲ್ಲಿ ಹರ್ಷನ ಮೆಸೇಜ್: ‘ಇಬ್ಬರು ಆರ್ಟಿಸ್ಟ್ ಬೇಕು. ನಾಳೆಯಿಂದಲೇ.’ ಕೆಳಗೆ ಆಗಲೇ ಒಂದು ಉತ್ತರ. ಚಂದ್ರಶೇಖರ್, ಮೆಲ್ಬರ್ನಿನದೇ ವಿಂಡಮ್ ವೇಲ್ ಬಡಾವಣೆಯವ. ‘ಇಂಟರೆಸ್ಟೆಡ್ ಸರ್.’ ಯಾರೋ, ಏನೋ. ಗುರುತಿಲ್ಲ.

ಚಂದ್ರಶೇಖರನ ನಂಬರ್ ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಎಲ್ಲಿಂದ ಶುರು ಮಾಡುವುದು... ಮೊದಲು ಸೋರುವ ಹಲಗೆ, ಆಮೇಲೆ — ಫೋನ್ ಎತ್ತಿದ