ವಿಷದ ಬೇರು, ಹದಿನಾರು ಪುಟ

ತಂಗೀ,

ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನನ್ನ ಮೇಜಿಗೆ ಇಡೀ ದಿನ ಒಂದೇ ಹಾಳೆಯ ಪ್ರತಿಗಳು ಬರುತ್ತವೆ. ಮಡಚಿದರೆ ಹದಿನಾರು ಪುಟ. ಈ ವಾರದ್ದು ಅಮೆರಿಕದ ಓಜಿಬ್ವೆ ಬುಡಕಟ್ಟಿನ ಹುಡುಗಿಯೊಬ್ಬಳ ಕಾದಂಬರಿ. ಅವಳ ಮಾವನಿಗೆ ಯಾರೋ ವಿಷದ ಬೇರು ತಿನ್ನಿಸಿದ್ದಾರೆ. ಬೇರು ಬೆಳೆಯುವ ಸರೋವರದ ದಂಡೆಗೆ ಹುಡುಗಿ ಒಬ್ಬಳೇ ಹೋಗುತ್ತಾಳೆ. ಗಿಡ ಕೀಳುವ ಮುನ್ನ ನೆಲಕ್ಕೆ ಚಿಟಿಕೆ ಹೊಗೆಸೊಪ್ಪು ಅರ್ಪಿಸುವುದು ಅವರ ಪದ್ಧತಿ. ಅಗೆದ ಗುಂಡಿಯ ಪಕ್ಕದಲ್ಲೇ ಹೊಗೆಸೊಪ್ಪು ಬಿದ್ದಿದೆ! ಅಂದರೆ ವಿಷವಿಟ್ಟವರು ಹೊರಗಿನವರಲ್ಲ, ಅವರವರೇ. ಅಲ್ಲಿಗೆ ನನ್ನ ಹಾಳೆ ಮುಗಿಯಿತು.

ಮುಂದಿನ ಹಾಳೆ ಎದುರು ಮೇಜಿನ ಅಜ್ಜಿಯದು. "ವಿಷ ಇಟ್ಟೋರು ಯಾರಜ್ಜಿ?" ಎಂದೆ.

"ನಾನು ಮಡಚೋಳಪ್ಪ, ಓದೋಳಲ್ಲ. ನಿನ್ನ ಕೈ ನೋಡ್ಕೋ."

ನಾನು ಕತ್ತು ತಿರುಗಿಸಿ ಅವರ ಹಾಳೆಯತ್ತ ಇಣುಕುತ್ತ, ನನ್ನ ನಲವತ್ತು ಹಾಳೆಗಳನ್ನು ತಲೆಕೆಳಗಾಗಿ ಮಡಚಿದ್ದೆ.

ಮೇಸ್ತ್ರಿ ಬಂದ. ಇಲ್ಲೂ ನಾನು ಕರಪತ್ರ ಹಂಚಿದ್ದರಿಂದ ಅದನ್ನೇ ನನ್ನ ಹೆಸರು ಮಾಡಿದ್ದಾನೆ. "ಏನಯ್ಯಾ ಕರಪತ್ರ, ಕಥೆ ಓದೋರೆಲ್ಲ ಸೋಮಾರಿಗಳು ಅಂತ ನಿನ್ನೆ ಭಾಷಣ ಬಿಗಿದೋನು ನೀನೇ ಅಲ್ವಾ?"

ಎಲ್ಲರೂ ನಕ್ಕರು. ಊಟದ ಹೊತ್ತಿನಲ್ಲಿ ಕೂತು ನಲವತ್ತನ್ನೂ ಬಿಚ್ಚಿ ಮಡಚಿದೆ. ವಿಷವಿಟ್ಟವರು ಯಾರೋ, ಇನ್ನೂ ತಿಳಿದಿಲ್ಲ.

ಕಾಗದದ ಅಂಚಿಗೆ ಬೆರಳು ಸೀಳಿದೆ, ಬೇರೆಲ್ಲ ಕ್ಷೇಮ ಎಂದು ಅಮ್ಮನಿಗೆ ಹೇಳು.

ನಿನ್ನ ಕಾದಂಬರಿಗಳನ್ನು ಟ್ರಂಕಿಗೆ ಹಾಕಿ ಬೀಗ ಜಡಿದದ್ದು ನನ್ನ ತಪ್ಪು. ಬೀಗದ ಕೈ ನನ್ನ ಕರಪತ್ರಗಳ ಕಟ್ಟಿನೊಳಗಿದೆ. ಅದನ್ನು ನೀನು ಎಂದೂ ಬಿಚ್ಚುವುದಿಲ್ಲವೆಂದು ಗೊತ್ತಿತ್ತು.

ಕಾರ್ಡು ತುಂಬಿತು.

ನಿನ್ನಣ್ಣ